ಹಿನ್ನೆಲೆ ಇಲ್ಲದ ಹುಡುಗಿ

ಎಂಬತ್ತರ ದಶಕದ ಮೊದಲಲ್ಲಿ, ರಾಜಾಜಿನಗರದ ಬಾಡಿಗೆ ಮನೆಯ ನಡುಮನೆಯಲ್ಲಿ ಕೂತು ನಾನು ಒಬ್ಬ ಹುಡುಗಿಯನ್ನು ಸೃಷ್ಟಿಸಿದೆ. ಡಿಗ್ರಿ ಮುಗಿದಿತ್ತು, ಟೈಪಿಂಗ್ ಕ್ಲಾಸು ನಡೆದಿತ್ತು, ನನಗೆ ಗಂಡು ನೋಡುವ ಕೆಲಸವೂ ನಡೆದಿತ್ತು. ಮಿಕ್ಕ ಹೊತ್ತಿನಲ್ಲಿ, ಒಂದು ಚಿತ್ರಕಥೆಗೆಂದು, ಇಂಡಿಯನ್ ಇಂಕಿನಲ್ಲಿ ಅವಳನ್ನು ಬರೆದೆ. ಎರಡು ಜಡೆ, ಲಂಗ ದಾವಣಿ, ಒಂದು ಕಾಲು ಸೈಕಲ್ಲಿನ ಪೆಡಲ್ ಮೇಲೆ. ಕಳ್ಳರನ್ನು ಹಿಡಿಯುವುದು ಅವಳ ಕಸುಬು. ಯಾರ ಅಪ್ಪಣೆಯನ್ನೂ ಕೇಳದೆ ಮನೆಯಿಂದ ಹೊರಡುತ್ತಿದ್ದಳು. ಅದೊಂದಕ್ಕೇ ಅವಳೆಂದರೆ ನನಗೆ ಬಹಳ ಇಷ್ಟ.

ಮೆಜೆಸ್ಟಿಕ್ ಹತ್ತಿರ ಆಫೀಸಿದ್ದ ಒಂದು ವಾರಪತ್ರಿಕೆಗೆ ಅಪ್ಪನ ಜೊತೆ ಹೋಗಿ ತೋರಿಸಿದೆ. ಒಬ್ಬಳನ್ನೇ ಕಳಿಸುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಸಂಪಾದಕರು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಹುಡುಗಿ ಚೆನ್ನಾಗಿದಾಳೆ. ಆದ್ರೆ ಹಿನ್ನೆಲೆನೇ ಇಲ್ವಲ್ಲಮ್ಮ. ಒಂದು ಒಳ್ಳೆ ಹಿನ್ನೆಲೆ ಕೊಟ್ಟು ತಗೊಂಡ್ಬನ್ನಿ, ಧಾರಾವಾಹಿಯಾಗಿ ಹಾಕೋಣ."

ಅವರು ಹೇಳಿದ್ದು ಅವಳ ಹಿಂದಿನ ಖಾಲಿ ಜಾಗದ ವಿಚಾರ. ಬೀದಿಯೋ ಮರವೋ ಏನಾದರೂ ಬರೆದು ತುಂಬಿಸಿ ಎಂದು. ಅಪ್ಪನ ಮುಖ ಮಾತ್ರ ಕಪ್ಪಿಟ್ಟಿತು. ಹಿಂದಿನ ತಿಂಗಳು ತಾನೇ ನನ್ನನ್ನು ನೋಡಲು ವಿಜಯನಗರದಿಂದ ಬಂದವರು ಉಪ್ಪಿಟ್ಟು, ಕಾಫಿ ಎಲ್ಲ ಮುಗಿಸಿ ಹೋಗಿ, ಮಧ್ಯಸ್ಥರ ಕೈಲಿ ಇದೇ ಮಾತು ಹೇಳಿಕಳಿಸಿದ್ದರು: ಹುಡುಗಿ ಚೆನ್ನಾಗಿದ್ದಾಳೆ, ಬ್ಯಾಕ್‌ಗ್ರೌಂಡ್ ಸಾಲದು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ, "ಕಾಗದದ ಹುಡುಗೀಗೂ ಬ್ಯಾಕ್‌ಗ್ರೌಂಡ್ ಕೇಳ್ತಾರಲ್ಲ ಇವ್ರು. ಕೊಡೋಣ ಬಿಡು, ಏನು ಕಮ್ಮಿಯಾಗಿದೆ ನಮ್ಗೆ" ಅಂದರು. ನಾನು ತಿದ್ದಲು ಹೋಗಲಿಲ್ಲ.

ದಪ್ಪ ಕಾಗದದ ಮೇಲೆ ನಮ್ಮ ಬೀದಿಯನ್ನೇ ಬರೆಯತೊಡಗಿದೆ. ಹುಡುಗಿಯನ್ನು ಕತ್ತರಿಸಿಕೊಂಡು ಕೊನೆಗೆ ಅದರ ಮೇಲೆ ಗೋಂದಿನಲ್ಲಿ ಅಂಟಿಸುವುದೆಂದು ಲೆಕ್ಕ ಹಾಕಿದ್ದೆ. ಇಂಕು ಚೆಲ್ಲಿ ಬೀದಿ ಹಾಳಾದರೂ ಅವಳು ಉಳಿಯುತ್ತಾಳೆ. ಕಾರ್ಖಾನೆಗೆ ಹೊರಟ ಸೈಕಲ್ಲುಗಳು, ನಲ್ಲಿಯ ಮುಂದೆ ಕೊಡಗಳ ಸಾಲು, ಮೋರಿ ಪಕ್ಕದಲ್ಲೊಂದು ಎಮ್ಮೆ, ಎಲ್ಲವನ್ನೂ ಕಂಡ ಹಾಗೆ ಪೆನ್ಸಿಲಿನಲ್ಲಿ ಗುರುತು ಮಾಡಿದೆ. ಅಮ್ಮ ಸೌಟು ಹಿಡಿದೇ ಬಂದು ನೋಡಿದಳು.

"ಕೊಡ ಎಲ್ಲ ತೆಗಿ. ನೋಡಿದವ್ರು ಇವ್ರಿಗೆ ನೀರಿಗೂ ಗತಿಯಿಲ್ಲ ಅಂದ್ಕೊಳಲ್ವಾ?"

"ನಮ್ಮನೆ ಅಲ್ಲಮ್ಮ ಅದು, ಅವಳ ಬೀದಿ."

"ಯಾಕೆ, ಅವಳಿಗೆ ಅಪ್ಪ ಅಮ್ಮ ಇಲ್ವಾ? ಒಂದು ತುಳಸಿ ಕಟ್ಟೆ ಹಾಕು. ಮರ್ಯಾದಸ್ತರ ಮನೆಯವಳು ಅಂತ ಗೊತ್ತಾಗ್ಲಿ."

ಕೊಡಗಳು ಹೋದವು, ತುಳಸಿ ಕಟ್ಟೆ ಬಂತು. ಅಪ್ಪ ಟೆಲಿಫೋನ್ ಕಂಬದಿಂದ ನಮ್ಮ ಸೂರಿಗೆ ಒಂದು ತಂತಿ ಎಳೆಸಿದರು. ನಮಗೆ ಫೋನೇ ಇರಲಿಲ್ಲ. ಅರ್ಜಿ ಹಾಕಿ ಕಾಯುತ್ತಿದ್ದೆವು. ಅಷ್ಟು ವರ್ಷ ಬಾರದ ಕನೆಕ್ಷನ್ ನನ್ನ ನಿಬ್ಬಿನ ಒಂದೇ ಗೆರೆಗೆ ಬಂದುಬಿಟ್ಟಿತು. ಸುದ್ದಿ ಮಹಡಿಗೂ ಮುಟ್ಟಿ, ಮನೆ ಓನರ್ ಆಂಟಿ ಇಳಿದು ಬಂದರು. "ಮೇಲ್ಗಡೆ ಹೊಸದಾಗಿ ಕಟ್ಸಿದೀವಲ್ಲ, ಅದೂ ಬರ್ಲಮ್ಮ. ಟಿವಿ ಆಂಟೆನಾ ಮರೀಬೇಡ." ಓನರ್ ಮಾತು ತೆಗೆದುಹಾಕುವ ಧೈರ್ಯ ಬಾಡಿಗೆಯವರಿಗೆ ಎಲ್ಲಿಂದ ಬರಬೇಕು? ಮಹಡಿ ಎದ್ದಿತು, ಅದರ ಮೇಲೆ ಆಂಟೆನಾ ಎದ್ದಿತು. ಎಮ್ಮೆ ಲಕ್ಷಣವಾಗಿಲ್ಲವೆಂದು ಅಮ್ಮ ಅದನ್ನು ಹಸು ಮಾಡಿಸಿದಳು.

ಕೊನೆಗೆ ಹುಡುಗಿಗೆ ಉಳಿದದ್ದು ಗೇಟಿನ ಮುಂದೆ ಅಂಗೈಯಗಲ ಜಾಗ. ಸೈಕಲ್ಲಿನ ಹಿಂದಿನ ಚಕ್ರ ಗೇಟಿಗೆ ತಾಗುತ್ತಿತ್ತು, ಮುಂದಿನದು ಹಸುವಿಗೆ. ಅಲ್ಲಿಂದ ಅವಳು ಯಾವ ಕಳ್ಳನನ್ನು ಹಿಡಿದಾಳೆಂದು ನನಗೇ ಅನುಮಾನ. ಆದರೂ ಅಂಟಿಸಿದೆ. ಅವಳೊಮ್ಮೆ ಅಚ್ಚಾದರೆ ಸಾಕಿತ್ತು, ನನಗೆ ಬೇರೇನೂ ಬೇಕಿರಲಿಲ್ಲ. ಅವಳ ಕಾಲ ಬುಡದಿಂದ ರಸ್ತೆಯ ಮೇಲೆ ನೆರಳನ್ನೂ ಬರೆದೆ. ಅಪ್ಪ ಹೋಗಿ ಕೊಟ್ಟು ಬಂದರು.

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಅಪ್ಪ ಪತ್ರಿಕೆ ಹಿಡಿದು ನಗುತ್ತಾ ಬಂದರು. ಬೆಂಗಳೂರಿನ ಅಚ್ಚುಕಟ್ಟಾದ ಬಡಾವಣೆಗಳ ಬಗ್ಗೆ ಯಾರೋ ಬರೆದ ಲೇಖನ. ಅದರ ನೆತ್ತಿಯ ಮೇಲೆ ನನ್ನ ಚಿತ್ರ. ಮಹಡಿ, ಆಂಟೆನಾ, ತಂತಿ, ತುಳಸಿ ಕಟ್ಟೆ, ಹಸು, ಎಲ್ಲ ಇದ್ದವು. ಹುಡುಗಿ ಇರಲಿಲ್ಲ. ಅಂಟಿಸಿದ್ದ ಅವಳನ್ನು ನಾಜೂಕಾಗಿ ಕಿತ್ತು ತೆಗೆದಿದ್ದರು. ಹಿನ್ನೆಲೆ ಅಷ್ಟು ಚೆನ್ನಾಗಿ ಬಂದಿತ್ತಂತೆ. ಧಾರಾವಾಹಿ ಆಮೇಲೆ ನೋಡೋಣ ಅಂದರಂತೆ ಸಂಪಾದಕರು. ನನಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. ಮನೆಯವರಿಗೆಲ್ಲ ಹಬ್ಬ.

ಆಂಟಿ ಪತ್ರಿಕೆ ಇಸಿದುಕೊಂಡು ತಮ್ಮ ಮಹಡಿಯ ಕಿಟಕಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಗೇಟ್ ಮುಂದೆ ಇದೇನಮ್ಮ ಕಪ್ಪಗೆ, ಮೋರಿ ನೀರಾ?"

"ನೆರಳು ಆಂಟಿ. ಅಲ್ಲಿ ನನ್ನ ಹುಡುಗಿ ನಿಂತಿದ್ಲು" ಅಂದೆ.

"ಹೌದಲ್ವಾ, ಎಲ್ಲಿ ಅವಳು?"

ಅಮ್ಮ ಪತ್ರಿಕೆಯನ್ನು ಜೋಪಾನವಾಗಿ ಮಡಿಸುತ್ತಾ ಅಂದಳು: "ಒಳಗಿರ್ಬೇಕು ಬಿಡಿ. ಇಷ್ಟು ಒಳ್ಳೆ ಮನೆ ಇಟ್ಕೊಂಡು ಬೀದೀಲಿ ಏನು ಕೆಲಸ ಅವಳಿಗೆ."