ಘಟದ ಮುಂದಿಟ್ಟ ಗುಳಿಗೆ

ಗುಂಜಿಯ ಸಾತವ್ವ ತಿಂಗಳಿಗೊಮ್ಮೆ ಮಗಳನ್ನು ಬೆಳಗಾವಿಯ ಡಾಕ್ಟರಿಗೆ ತೋರಿಸಲು ಹೊರಟಳೆಂದರೆ ನಮ್ಮ ರೈಲು ಡಬ್ಬಿಯಲ್ಲಿ ಯಾರನ್ನೂ ಆರಾಮವಾಗಿ ಕೂರಗೊಡುತ್ತಿರಲಿಲ್ಲ. ಮಗಳು ಲಕ್ಷ್ಮೀ ಬಾಗಿಲ ಹತ್ತಿರ ಕೂರಬಾರದು, ಕಿಟಕಿಯ ಬದಿಗೂ ಬೇಡ. ಅವಳನ್ನು ನಡುವೆ ಕೂರಿಸಲು ನಮ್ಮಂಥ ಆಫೀಸಿನವರನ್ನೆಲ್ಲ ಅತ್ತಿತ್ತ ಸರಿಸುತ್ತಿದ್ದಳು. ನಾನು ಖಾನಾಪುರದಲ್ಲಿ ಹತ್ತುವವನು. ಒಂದು ದಿನ ಸಿಟ್ಟಿಗೆದ್ದು, ನಿಮ್ಮ ಮಗಳೇನು ಗಾಜಿನ ಬಳೆಯೇ ಎಂದು ಕೇಳಿಬಿಟ್ಟೆ. ಆಕೆಗೆ ಮೂರ್ಛೆ ರೋಗವಿದೆ ಎಂದು ಸಾತವ್ವ ಹೇಳಿದಾಗ ನಾನೇ ಎದ್ದು ಜಾಗ ಬಿಟ್ಟೆ.

ಹೈಸ್ಕೂಲಿನಲ್ಲಿದ್ದಾಗ ಲಕ್ಷ್ಮೀಗೆ ಫಿಟ್ಸ್ ಶುರುವಾಗಿತ್ತು. ಅಂದಿನಿಂದ ಸಾತವ್ವ ಅವಳನ್ನು ಬಾವಿಗೆ ಕಳಿಸಲಿಲ್ಲ, ಒಲೆಯ ಮುಂದೆ ಕೂರಿಸಲಿಲ್ಲ. ಬೆಂಕಿ, ನೀರು, ರೈಲಿನ ಹಳಿ, ಇವುಗಳಿಂದ ಕಾಪಾಡಿದರೆ ಮಗಳು ಉಳಿದಳೆಂದೇ ತಿಳಿದಿದ್ದಳು. ಹಾಸಿಗೆಯಲ್ಲೂ ಈ ರೋಗ ಜೀವ ತೆಗೆದೀತು ಎಂದು ಯಾರೂ ಹೇಳಿರಲಿಲ್ಲ. ಗುಳಿಗೆ ಬಿಡಬೇಡಿ ಎಂದಿದ್ದರು ಡಾಕ್ಟರು, ಬಿಟ್ಟರೆ ಏನಾಗುತ್ತದೆ ಎಂದಿರಲಿಲ್ಲ.

ಗುಳಿಗೆಯಿಂದ ಫಿಟ್ಸ್ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಮದುವೆಯ ಮಾತುಗಳೆಲ್ಲ ಅಲ್ಲಲ್ಲೇ ಮುರಿದುಬಿದ್ದವು. ಸಾತವ್ವ ಕಂಗೆಟ್ಟಳು. ಎರಡು ಸಾವಿರದ ಇಸವಿಯ ನವರಾತ್ರಿಗೆ ರೋಗ ವಾಸಿಯಾಗಲೆಂದು ಲಕ್ಷ್ಮೀಯ ಕೈಯಿಂದಲೇ ದೇವಿಯ ಘಟ ಕೂರಿಸಿ, ದಸರೆಯವರೆಗೆ ಉಪವಾಸ ಹಿಡಿಸಿದಳು. ಸಾಬುದಾಣಿ, ಬಾಳೆಹಣ್ಣು ನಡೆಯುತ್ತಿತ್ತು. ಗುಳಿಗೆ ನುಂಗಿದರೆ ಮಾತ್ರ ವ್ರತ ಕೆಡುತ್ತದೆಂದು ಇನ್ನೂ ಒಡೆಯದ ಗುಳಿಗೆಯ ಪಟ್ಟಿಯನ್ನು ಘಟದ ಮುಂದಿಟ್ಟರು. ಫಿಟ್ಸ್ ಬಂದರೆ ಹಿಡಿಯಲು ನಾನಿದ್ದೇನಲ್ಲ ಎಂಬುದು ತಾಯಿಯ ಧೈರ್ಯ. ಆದರೆ ವ್ರತ ಹಿಡಿದವರು ನಂದಾದೀಪ ಕಾಯುತ್ತ ದೇವರ ಕೋಣೆಯಲ್ಲೇ ಮಲಗಬೇಕು. ಲಕ್ಷ್ಮೀ ಅಲ್ಲಿ ಒಬ್ಬಳೇ ಮಲಗುತ್ತಿದ್ದಳು.

ಹಬ್ಬ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಸಾತವ್ವ ದೀಪಕ್ಕೆ ಎಣ್ಣೆ ಹಾಕಲು ಹೋದಳು. ದೀಪ ಉರಿಯುತ್ತಿತ್ತು. ಮಗಳು ಕೌದಿಯಲ್ಲಿ ಮುಖ ಹುದುಗಿ ಬೋರಲು ಬಿದ್ದಿದ್ದಳು, ಮೈ ತಣ್ಣಗಾಗಿತ್ತು.

ದಿನಕರ್ಮ ಮುಗಿಸಿ ಸಾತವ್ವ ಒಬ್ಬಳೇ ರೈಲಿಗೆ ಬಂದಳು. ನಡೆದದ್ದನ್ನು ಅವಳಿಂದ ಕೇಳಿ, ಡಾಕ್ಟರಿಗೆ ಚೆನ್ನಾಗಿ ಬೈಯಬೇಕೆಂದೇ ನಾನೂ ಜೊತೆಗೆ ಹೋದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ಗುಳಿಗೆ ತಪ್ಪಿದರೆ ಫಿಟ್ಸ್ ಜೋರಾಗಿ ಬರಬಹುದು, ನಿದ್ದೆಯಲ್ಲಿ ಬಂದಾಗ ಅಪರೂಪಕ್ಕೆ ಉಸಿರು, ಎದೆಬಡಿತ ನಿಂತೇ ಹೋಗುತ್ತದೆ, ಹತ್ತಿರ ಯಾರಾದರೂ ಮಲಗಿದ್ದು ಮಗ್ಗುಲಿಗೆ ಹೊರಳಿಸಿದರೆ ಕೆಲವೊಮ್ಮೆ ಜೀವ ಉಳಿದೀತು ಎಂದರು. ನೀವು ಹೆದರುತ್ತೀರೆಂದು ಹೇಳಿರಲಿಲ್ಲ ಎಂದರು.

“ಹೆದರಿಸಬೇಕಿತ್ರಿ,” ಎಂದಳು ಸಾತವ್ವ. “ಹೆದರಿದ್ರ ನಾ ಆಕಿ ಬಾಜೂಕ ಮಲಗತಿದ್ನಿ.”

ಬೈಯಲು ಹೋದ ನಾನು ಅವಳನ್ನು ಕರೆದುಕೊಂಡು ಸ್ಟೇಷನ್ನಿಗೆ ಮರಳಿದೆ.

ಆಮೇಲೂ ಸಾತವ್ವ ರೈಲಿಗೆ ಬರುವುದನ್ನು ಬಿಡಲಿಲ್ಲ. ಡಾಕ್ಟರ ಬಾಗಿಲಲ್ಲಿ ಕೂತು, ಬಂದ ತಾಯಂದಿರಿಗೆಲ್ಲ ಗುಳಿಗೆ ತಪ್ಪಿಸಬೇಡಿ, ರಾತ್ರಿ ಮಕ್ಕಳ ಮಗ್ಗುಲಲ್ಲೇ ಮಲಗಿ ಎಂದು ಹೇಳುತ್ತಿದ್ದಳು. ತಲೆ ಕೆಟ್ಟಿದೆ ಎಂದು ಕೆಲವರು ಎದ್ದು ದೂರ ಕೂರುತ್ತಿದ್ದರು.

ಮರುವರ್ಷದ ನವರಾತ್ರಿ. ದೇಸೂರಿನಲ್ಲಿ ಒಬ್ಬ ಹೆಂಗಸು ಮಗಳೊಂದಿಗೆ ಹತ್ತಿದಳು. ನಮ್ಮನ್ನೆಲ್ಲ ಸರಿಸಿ, ಮಗಳನ್ನು ಬಾಗಿಲಿನಿಂದ ದೂರ, ನಡುವೆ ಕೂರಿಸಿದಳು. ರೋಗ ಗುರುತಿಸಲು ಸಾತವ್ವನಿಗೆ ಅಷ್ಟೇ ಸಾಕಾಯಿತು. ಹುಡುಗಿ ಗುಳಿಗೆ ನುಂಗಿದಳೇ ಎಂದು ಕೇಳಿದಳು. ಉಪವಾಸವಿದೆ, ದಸರಾ ಮುಗಿಯಲಿ ಎಂದಳು ಆ ತಾಯಿ.

ಸಾತವ್ವ ಸೆರಗಿನ ಗಂಟು ಬಿಚ್ಚಿ ಒಂದು ಗುಳಿಗೆಯ ಪಟ್ಟಿ ತೆಗೆದಳು. ಅದರಲ್ಲಿ ಒಂದೂ ಒಡೆದಿರಲಿಲ್ಲ, ಮೇಲೆ ಕುಂಕುಮ ಹತ್ತಿತ್ತು.

“ನಾವೂ ದಸರಾ ಮುಗೀಲಿ ಅಂದಿದ್ವಿ,” ಎಂದಳು. “ಇವು ನನ್ನ ಲಕ್ಷ್ಮೀ ನುಂಗಬೇಕಾಗಿದ್ದ ಗುಳಿಗಿ.”