ಕೆಳಗಡೆಯವಳ ದನಿ

ಅರವತ್ತಾರು ವರ್ಷದ ಹೆಂಗಸನ್ನು ಒಬ್ಬಳನ್ನೇ ಸೈಕಲ್ ಹತ್ತಿಸಿ, ಹೊಳೆಯುದ್ದಕ್ಕೂ ಸಮುದ್ರದವರೆಗೆ ಕಳಿಸಿದ ಮಹಾನುಭಾವ ಇವನೇ ಎಂದು ಬೀದಿಯಲ್ಲಿ ಈಗಲೂ ನನ್ನ ಕಡೆ ಬೆರಳು ತೋರಿಸುವವರಿದ್ದಾರೆ. ಅವರಿಗೆಲ್ಲ ಒಂದೇ ಮಾತು ಹೇಳುತ್ತೇನೆ. ನಾನು ಕಳಿಸಲಿಲ್ಲ. ನಮ್ಮಕ್ಕನನ್ನು ಯಾರಾದರೂ ಎಲ್ಲಿಗಾದರೂ ಕಳಿಸಿದ್ದುಂಟೆ? ಅವಳು ಹೋದಳು. ನಾನು ಸೈಕಲ್ ರಿಪೇರಿ ಮಾಡುವವನು, ಸೈಕಲ್ ರಿಪೇರಿ ಮಾಡಿಕೊಟ್ಟೆ.

ನನ್ನ ಅಂಗಡಿಯ ಮೇಲಿನ ಕೋಣೆಯೇ ಅಕ್ಕನ ಮನೆ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಒಂದು ಮಂಚ, ಒಂದು ಕುರ್ಚಿ, ಕಿಟಕಿಯಲ್ಲಿ ಹೊಳೆ. ಮದುವೆಯಾಗಲಿಲ್ಲ. ಕೇಳಿದವರಿಗೆ, "ಬೋರ್ಡಿಗೇ ತಾಳಿ ಕಟ್ಟಿಸ್ಕೊಂಡೆ" ಎನ್ನುತ್ತಿದ್ದಳು. ಬೋರ್ಡು ಎಂದರೆ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡು. ಯಾರಾದರೂ ದೂರದೂರಿಗೆ ಮಾತನಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಾಗಿದ್ದ ಕಾಲ. ಅಕ್ಕ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಆ ತೂತಿನ ವೈರು ಈ ತೂತಿಗೆ ಚುಚ್ಚಿ ಊರೂರನ್ನು ಕೂಡಿಸುತ್ತಿದ್ದಳು. ಊರಿನವರಿಗೆ ಅವಳ ಮುಖ ಗೊತ್ತಿರಲಿಲ್ಲ. ತರಕಾರಿ ಅಂಗಡಿಯಲ್ಲಿ "ಅರ್ಧ ಕಿಲೋ ಕೊಡಿ" ಅಂದರೆ ಸಾಕು, ಹಿಂದಿದ್ದವರು ತಿರುಗಿ, "ಓಹೋ, ಎಕ್ಸ್‌ಚೇಂಜಿನೋರಾ!" ಎನ್ನುತ್ತಿದ್ದರು.

ಟ್ರಂಕ್ ಲೈನು ಹೊಳೆಯ ದಂಡೆಯ ಕಂಬಗಳ ಮೇಲೆಯೇ ಹೋಗುತ್ತಿತ್ತು. ಈ ತುದಿಯಲ್ಲಿ ನಮ್ಮೂರು, ಆ ತುದಿಯಲ್ಲಿ ಹೊಳೆ ಸಮುದ್ರ ಸೇರುವ ಊರು. ಅಲ್ಲಿನ ಬೋರ್ಡಿನಲ್ಲೂ ಒಬ್ಬಳು ಕೂತಿದ್ದಳು. ಅಕ್ಕ ಅವಳನ್ನು "ಕೆಳಗಡೆ" ಎಂದೇ ಕರೆಯುತ್ತಿದ್ದಳು, ಅವಳು ಇವಳನ್ನು "ಮೇಲ್ಗಡೆ". ಲೈನು ಖಾಲಿ ಇದ್ದ ಮಧ್ಯಾಹ್ನಗಳಲ್ಲಿ ಇಬ್ಬರಿಗೂ ಮಾತೇ ಮಾತು. ಕೆಳಗಡೆಯವಳ ಮದುವೆ, ಬಸಿರು, ಅತ್ತೆಯ ಕಾಟ, ಗಂಡನ ಸಾವು, ಎಲ್ಲ ನಮ್ಮಕ್ಕನ ಕಿವಿಯ ಮೂಲಕ ನಮ್ಮ ಮನೆಯ ಊಟದ ಹೊತ್ತಿಗೆ ಬಂದು ತಲುಪುತ್ತಿತ್ತು. ನಮ್ಮಪ್ಪ ತೀರಿಕೊಂಡ ದಿನ ಅಕ್ಕ ಅತ್ತದ್ದು ನಮ್ಮ ಮುಂದೆ ಅಲ್ಲ, ಡ್ಯೂಟಿಗೆ ಹೋಗಿ ಲೈನಿನಲ್ಲಿ. ಅಷ್ಟು ವರ್ಷ ಹಾಗೆ ಬದುಕಿದರೂ ಒಬ್ಬರನ್ನೊಬ್ಬರು ನೋಡಿರಲೇ ಇಲ್ಲ. ಒಬ್ಬಳಿಗೆ ರಜೆ ಸಿಕ್ಕರೆ ಇನ್ನೊಬ್ಬಳಿಗೆ ಡ್ಯೂಟಿ. ಆಮೇಲೆ ಬೋರ್ಡೇ ಹೋಯಿತು, ಎಲ್ಲ ಆಟೋಮ್ಯಾಟಿಕ್ ಆಯಿತು. ಆದರೂ ಫೋನಿನಲ್ಲಿ ಮಾತು ನಿಲ್ಲಲಿಲ್ಲ.

ನಿಂತದ್ದು ಅಕ್ಕನ ಕಿವಿ ಕೈಕೊಟ್ಟಾಗ. ಮೊದಲು ಬಲಗಿವಿ, ಅದು ಪೂರ್ತಿ ಹೋಯಿತು. ಆಮೇಲೆ ಎಡಗಿವಿಯೂ ಮಂಕಾಗತೊಡಗಿತು. ನರದ ತೊಂದರೆ, ಕಿವಿಗೆ ಮಿಷನ್ನು ಹಾಕಿಕೊಂಡರೂ ಅಷ್ಟಕ್ಕಷ್ಟೆ, ಮುಂದಿನ ವರ್ಷಕ್ಕೆ ಇದೂ ಹೋಗಬಹುದು ಎಂದು ಡಾಕ್ಟರು ಹೇಳಿದರು. ಕಿವಿಯಿಂದಲೇ ಅನ್ನ ತಿಂದವಳು! ನಾನು ಡಾಕ್ಟರನ್ನು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದೆ. ಅಕ್ಕ ಮಾತ್ರ ಚೀಲ ತೆಗೆದುಕೊಂಡು ಎದ್ದು, "ನಡಿ, ಬಸ್ಸು ಹೋಗುತ್ತೆ" ಅಂದಳು.

ಒಂದು ಸಂಜೆ ಕೆಳಗಡೆಯವಳ ಫೋನು ಬಂತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದೆ. ಅಕ್ಕ "ಹೂಂ, ಹೂಂ" ಅನ್ನುತ್ತಲೇ ಇದ್ದಳು, ಮುಖ ಮಾತ್ರ ಬಿಳಿಚಿಕೊಳ್ಳುತ್ತಿತ್ತು. ಆ ಕಡೆಯ ಒಂದು ಮಾತೂ ಹಿಡಿಯಲು ಆಗುತ್ತಿಲ್ಲವೆಂದು ನನಗೆ ಅರ್ಥವಾಯಿತು. ಕೊನೆಗೆ, "ಲೈನು ಸರಿ ಇಲ್ಲ ಕಣೇ, ಇಡ್ತೀನಿ" ಎಂದು ಫೋನು ಇಟ್ಟುಬಿಟ್ಟಳು.

ಲೈನು ಚೆನ್ನಾಗಿಯೇ ಇತ್ತು. ಅದು ನನಗೆ ಗೊತ್ತು, ಅವಳಿಗೆ ಗೊತ್ತು, ಫೋನಿನ ಆ ಕಡೆ ಇದ್ದವಳಿಗೆ ಗೊತ್ತಾಗದೆ ಇರುತ್ತದೆಯೇ? ಜೀವಮಾನವೆಲ್ಲ ಲೈನು ನೋಡಿಕೊಂಡವರು ಇಬ್ಬರೂ. ಆಮೇಲೆ ಆ ಕಡೆಯಿಂದ ಫೋನು ಬರಲಿಲ್ಲ. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತನ್ನ ಹಳೇ ಡ್ಯೂಟಿ ಸೈಕಲ್ಲನ್ನು ದೂಡಿಕೊಂಡು ಅಂಗಡಿಯೊಳಗೆ ಬಂದಳು.

"ಇದನ್ನ ಚೆನ್ನಾಗಿ ನೋಡಿಕೊಡು. ಕೆಳಗಡೆ ಊರಿಗೆ ಹೋಗ್ಬೇಕು."

"ಯಾರು?"

"ನಿಮ್ಮಜ್ಜಿ! ನಾನೇ ಕಣೋ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬೀದಿಗೆಲ್ಲ ಕೇಳುವಂತೆ ಕಿರುಚಿದೆ. ಹಿಂದೆ ಲಾರಿ ಹಾರ್ನ್ ಹೊಡೆದರೆ ಕೇಳಲ್ಲ, ದಾರಿಯಲ್ಲಿ ಬಿದ್ದರೆ ಎತ್ತುವವರಿಲ್ಲ, ಬಸ್ಸುಗಳೇನು ಸತ್ತುಹೋಗಿವೆಯೇ, ಒಂದು ಮೆಸೇಜು ಕಳಿಸಿದರೆ ಆಗುವುದಿಲ್ಲವೇ? ಅಕ್ಕ ನನ್ನ ಬಾಯಿ ಮುಚ್ಚುವವರೆಗೂ ಕಾದಳು.

"ನೀನು ಕೂಗಿದ್ರೆ ಗೊರಗೊರ ಅಂತ ಕೇಳುತ್ತೆ, ಮಾತು ಕೇಳಲ್ಲ" ಅಂದಳು. "ಆದ್ರೆ ಏನು ಬೈದೆ ಅಂತ ಗೊತ್ತು. ಬಸ್ಸಲ್ಲಿ ಹೋದ್ರೆ ಕಿವಿ ತುಂಬ ಇಂಜಿನ್ನೇ. ಇರೋ ಚೂರು ಕಿವೀನೂ ಅದಕ್ಕೇ ಕೊಡ್ಲಾ? ಸೈಕಲ್ಲಿಗೆ ಸದ್ದಿಲ್ಲ. ದಾರಿಯುದ್ದಕ್ಕೂ ಏನು ಕೇಳುತ್ತೋ ಅದನ್ನ ಕೇಳ್ಕೊಂಡು ಹೋಗ್ತೀನಿ, ಕೊನೇಲಿ ಅವಳ ದನಿ ಕೇಳ್ತೀನಿ. ವೈರಿಲ್ಲದೆ, ಎದುರಿಗೆ ಕೂತು. ಒಂದೇ ಒಂದು ಸಲ. ಮೆಸೇಜಿಗೆ ದನಿ ಇರುತ್ತೇನೋ?"

ನನ್ನ ಹೆಂಡತಿ ಒಳಗಿನಿಂದ, "ಅತ್ತಿಗೆ ಹೋಗಿ ಬರ್ಲಿ ಬಿಡ್ರೀ" ಅಂದಳು. ನನ್ನ ಮನೆಯಲ್ಲಿ ನನ್ನ ಪರ ಯಾರೂ ಇಲ್ಲ ಎನ್ನುವುದು ಹೊಸ ವಿಷಯವೇನಲ್ಲ.

ಹೊಸ ಟೈರು, ಹೊಸ ಟ್ಯೂಬು, ಹೊಸ ಚೈನು ಹಾಕಿದೆ. ಎರಡೂ ರಿಮ್ಮಿನ ಬೆಂಡ್ ತೆಗೆದೆ. ಬ್ರೇಕ್ ರಬ್ಬರ್ ಬದಲಾಯಿಸಿದೆ. ಕೊನೆಗೆ ಹ್ಯಾಂಡಲಿನ ಬಲಗಡೆಗೆ ಸ್ಕೂಟರಿನದೊಂದು ದೊಡ್ಡ ಕನ್ನಡಿ ಕೂರಿಸಿದೆ. "ಇದು ನಿನ್ನ ಬಲಗಿವಿ. ಆಗಾಗ ನೋಡ್ತಿರು. ಮುಖ ನೋಡ್ಕೊಳ್ಳೋಕಲ್ಲ" ಅಂದೆ. ಅಕ್ಕ ಅದರಲ್ಲಿ ಮೊದಲು ಮುಖವನ್ನೇ ನೋಡಿಕೊಂಡು ತಲೆ ಸರಿಮಾಡಿಕೊಂಡಳು.

ಹೋದಳು. ದಿನಾ ಸಂಜೆ ಫೋನು ಮಾಡಬೇಕೆಂದು ಕರಾರು. ಮಾಡುತ್ತಿದ್ದಳು. ಆದರೆ ಅದೆಂಥ ಫೋನು! ಅವಳು ಹೇಳುವುದು ನನಗೆ ಕೇಳುತ್ತಿತ್ತು, ನಾನು ಹೇಳುವುದು ಅವಳಿಗೆ ಕೇಳುತ್ತಿರಲಿಲ್ಲ. "ಈಗ ನೀನು ಬೈತಾ ಇರ್ತೀಯ, ಬೈಕೋ. ನಾನು ನನ್ನ ಸುದ್ದಿ ಹೇಳ್ತೀನಿ" ಎಂದೇ ಶುರುಮಾಡುತ್ತಿದ್ದಳು. ನಾನು ಪಂಕ್ಚರ್ ನೋಡುವ ನೀರಿನ ಬಾನಿಯ ಪಕ್ಕ ಫೋನನ್ನು ಸ್ಪೀಕರಿಗೆ ಹಾಕಿಟ್ಟು ಗಂಟಲು ಹರಿದುಕೊಳ್ಳುತ್ತಿದ್ದೆ. ಗಿರಾಕಿಗಳಿಗೆ ಬಿಟ್ಟಿ ನಾಟಕ.

ಮೊದಲ ದಿನದ ಸುದ್ದಿ ಇಷ್ಟು: "ಹೊಳೆ ಹರಿಯೋ ಕಡೆ ಇಳಿಜಾರು, ಸಲೀಸಾಗಿ ಹೋಗ್ತೀಯ ಅಂದಿದ್ದೆಯಲ್ಲ, ನಿನ್ನ ತಲೆ. ಇಳಿಜಾರು ನೀರಿಗೆ ಮಾತ್ರ. ನನಗೆ ಎದುರುಗಾಳಿ." ಆಮೇಲೆ ಒಂದು ಸಂಜೆ ಇಟ್ಟಿಗೆ ಗೂಡಿನವರ ಮನೆಯಲ್ಲಿ ಉಳಿದಳು. ಇನ್ನೊಂದು ಸಂಜೆ ಒಂದು ಹಳೇ ಎಕ್ಸ್‌ಚೇಂಜು ಹುಡುಕಿಕೊಂಡು ಹೋದಳಂತೆ. ಅದು ಈಗ ಕೋಳಿಮೊಟ್ಟೆಯ ಗೋಡೌನು. ಬೋರ್ಡಿದ್ದ ಗೋಡೆಗೆ ಕಿವಿಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದಳು, ಮೊಟ್ಟೆಯವನು ಹೆದರಿ ಕೂರಿಸಿ ನೀರು ಕೊಟ್ಟ. ಮಣ್ಣಿನ ಏರಿಯ ಮೇಲೆ ಹೋಗುವಾಗ ತೂಬಿನ ಬಾಗಿಲಿನಿಂದ ನೀರು ಧುಮುಕುವುದು ಎಡಗಿವಿಗೆ ಚೆನ್ನಾಗಿ ಕೇಳಿತೆಂದು ಸೈಕಲ್ ನಿಲ್ಲಿಸಿ ಅಲ್ಲೇ ಕೂತು ಊಟ ಮಾಡಿದಳು. ದೋಣಿಯಲ್ಲಿ ಸೈಕಲ್ ಹತ್ತಿಸಿಕೊಂಡು ದಾಟುವಾಗ ದೋಣಿಯವನು, "ಯಾರನ್ನ ನೋಡೋಕೆ ಹೊರಟ್ರಿ?" ಎಂದು ಕೇಳಿದನಂತೆ, ಕೈಸನ್ನೆ ಮಾಡಿ.

"ನೋಡೋಕಲ್ಲ, ಕೇಳೋಕೆ ಅಂದೆ" ಅಂದಳು ಅಕ್ಕ. ನಾನು ಆ ಸಂಜೆ ಬೈಯಲಿಲ್ಲ. ಬೈಯದೆ ಇದ್ದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಕನ್ನಡಿ ಕೆಲಸಕ್ಕೆ ಬಂತು. ಕಬ್ಬಿಣದ ಸೇತುವೆಯ ಮೇಲೆ ಮರಳು ಲಾರಿಯೊಂದು ಹಿಂದಿನಿಂದ ಮೈಮೇಲೆ ಬರುವಂತೆ ಬಂದದ್ದು ಅದರಲ್ಲಿ ಕಂಡು, ಕಟಕಟೆಗೆ ಒತ್ತಿಕೊಂಡು ನಿಂತಳಂತೆ. "ಹಾರ್ನ್ ಹೊಡೆದಿದ್ದನೋ ಏನೋ ಪಾಪ" ಅಂದಳು. ಪಾಪವಂತೆ! ಆ ಸಂಜೆ ನಾನು ಕೂಗಿದ್ದಕ್ಕೆ ಪಕ್ಕದ ಅಂಗಡಿಯ ಟೈಲರು ಓಡಿ ಬಂದ.

ನಾಳೆ ಮಧ್ಯಾಹ್ನಕ್ಕೆ ಊರು ಸೇರುತ್ತೇನೆ ಎಂದು ಹೇಳಿದ ಮೇಲೆ ಫೋನು ನಿಂತುಹೋಯಿತು. ಮರುದಿನ ಸಂಜೆ ಇಲ್ಲ. ಅದರ ಮರುದಿನವೂ ಇಲ್ಲ. ನಾನು ಮಾಡಿದರೆ ಎತ್ತುವುದಿಲ್ಲ, ರಿಂಗಾದದ್ದು ಕೇಳಿದರೆ ತಾನೇ? ಒಂದು ಟ್ಯೂಬಿಗೆ ತೂತಿಲ್ಲದ ಕಡೆ ಪ್ಯಾಚ್ ಹಚ್ಚಿ ಕೊಟ್ಟು ಕಳಿಸಿದ್ದೆನಂತೆ. ಹೆಂಡತಿ ನನ್ನ ಬಟ್ಟೆ ಚೀಲಕ್ಕೆ ತುಂಬಿಟ್ಟಳು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುವುದೆಂದಾಯಿತು.

ಅಲ್ಲಿ ಆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಅವಳು ಹೇಳಿದ್ದ ಮಧ್ಯಾಹ್ನವೇ ಊರು ಸೇರಿದ್ದಳು. ಬಾಗಿಲು ತೆರೆದದ್ದು ಕುಳ್ಳಗೆ, ದುಂಡಗೆ, ಕನ್ನಡಕ ಹಾಕಿಕೊಂಡ ಒಬ್ಬ ಮುದುಕಿ. ಅಕ್ಕ ಇಷ್ಟು ವರ್ಷ ಮನಸ್ಸಿನಲ್ಲಿ ಉದ್ದ ಜಡೆಯ, ಎತ್ತರದ, ತೆಳ್ಳಗಿನ ಹೆಂಗಸೊಬ್ಬಳನ್ನು ಇಟ್ಟುಕೊಂಡಿದ್ದಳು. "ಅವರು ಮನೇಲಿದಾರಾ?" ಎಂದು ಅವಳನ್ನೇ ಕೇಳಿದಳು. ಅಕ್ಕನ ದನಿ ಕೇಳಿದ್ದೇ ತಡ ಆ ಮುದುಕಿ ಬಾಯಿ ತೆರೆದು ಅಳುತ್ತ ತಬ್ಬಿಕೊಂಡಳು. ಕೆಳಗಡೆಯವಳಿಗೆ ಮೇಲ್ಗಡೆ ಸಿಕ್ಕಿದಳು. ಅಕ್ಕನಿಗೆ ಮಾತ್ರ ಏನೂ ಸಿಗಲಿಲ್ಲ.

ಕಿವಿ ಕೇಳುವುದಿಲ್ಲವೆಂದು ತಿಳಿದ ಕೂಡಲೇ ಮನೆಯವರೆಲ್ಲ ಕೂಗತೊಡಗಿದರು. ಮಗ ಕೂಗಿದ, ಸೊಸೆ ಕೂಗಿದಳು, ಟಿವಿ ಅದರ ಪಾಡಿಗೆ ಅದು ಕೂಗುತ್ತಿತ್ತು. ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡು ಕೆಳಗಡೆಯವಳೂ ಕೂಗಿದಳು. ಅಕ್ಕನಿಗೆ ಕೇಳಿದ್ದು ಬರೀ ಗೊರಗೊರ. ಒಂದು ಸಂಜೆ ಹೋಯಿತು, ಒಂದು ಹಗಲು ಹೋಯಿತು. ನನಗೆ ಫೋನು ಮಾಡಲು ಎರಡು ಸಲ ಕೈಗೆತ್ತಿಕೊಂಡು ಇಟ್ಟಳಂತೆ. "ಏನಂತ ಹೇಳ್ಲಿ? ಬಂದೆ, ಕೇಳಿಸ್ಲಿಲ್ಲ ಅಂತಲಾ?" ಎರಡನೆಯ ಸಂಜೆ ಹಿತ್ತಿಲಿನಲ್ಲಿ ಸೈಕಲ್ಲಿಗೆ ಗಾಳಿ ತುಂಬಿ, ಕ್ಯಾರಿಯರಿಗೆ ಗಂಟು ಕಟ್ಟಿ, ಬೆಳಿಗ್ಗೆ ಹೊರಟುಬಿಡೋಣವೆಂದು ಅಲ್ಲೇ ಬೆಂಚಿನ ಮೇಲೆ ಹೊಳೆಗೆ ಮುಖಮಾಡಿ ಕೂತಳು. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

ಕೆಳಗಡೆಯವಳು ಹಿಂದಿನಿಂದ ಬಂದಳು. ಎದುರಿಗೆ ಬರಲಿಲ್ಲ, ಕೂಗಲೂ ಇಲ್ಲ. ಅಕ್ಕನ ಎಡಗಡೆ, ಬೆನ್ನಿಗೆ ಬೆನ್ನು ತಾಗಿಸಿ ಕೂತು, ತಲೆ ಮಾತ್ರ ಓರೆಮಾಡಿ ಕಿವಿಯ ಹತ್ತಿರ ಬಾಯಿ ತಂದಳು. ಮಳೆಗಾಲದಲ್ಲಿ ಕಂಬಗಳು ನೆನೆದು ಲೈನು ಕೆಟ್ಟಾಗ ಫೋನು ಮಾಡಿದವರೆಲ್ಲ ಹಲೋ ಹಲೋ ಎಂದು ಅರಚುತ್ತಿದ್ದರೆ, ಇವರಿಬ್ಬರು ಮಾತ್ರ ದನಿ ಇಳಿಸಿ, ಒಂದೊಂದು ಮಾತನ್ನೂ ಬಿಡಿಸಿ, ಮಧ್ಯೆ ಉಸಿರು ಬಿಟ್ಟು ಮಾತನಾಡುತ್ತಿದ್ದರಂತೆ. ಅದು ಬೋರ್ಡಿನವರ ದನಿ. ಬೋರ್ಡು ಹೋದ ಮೇಲೆ ಇಬ್ಬರೂ ಅದನ್ನು ಬಳಸಿರಲಿಲ್ಲ.

"ಹಲೋ," ಅಂದಳು ಕೆಳಗಡೆಯವಳು, ಮೆಲ್ಲಗೆ. "ಕೆಳಗಡೆ. ಮಾತಾಡ್ತಿದೀನಿ. ಮೇಲ್ಗಡೆ. ಇದೀರಾ?"

ಅಕ್ಕ ಕಣ್ಣು ಮುಚ್ಚಿದಳು. ಉದ್ದ ಜಡೆಯವಳು ಬಂದು ಕೂತಿದ್ದಳು. "ಇದೀನಿ" ಅಂದಳು. "ಮಾತಾಡಿ." ಆಮೇಲೆ ಇಬ್ಬರೂ ಹಾಗೇ ಬೆನ್ನು ತಾಗಿಸಿಕೊಂಡು ಎಷ್ಟು ಮಾತನಾಡಿದರೋ, ಏನು ಮಾತನಾಡಿದರೋ, ಅಕ್ಕ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇತ್ತ ನಾನು ಬೆಳಗಾಗುತ್ತಲೇ ಚೀಲ ಹೆಗಲಿಗೇರಿಸಿ ಅಂಗಡಿಯ ಬಾಗಿಲು ಎಳೆಯುತ್ತಿದ್ದೆ. ಫೋನು ಬಂತು. ಅಕ್ಕನ ನಂಬರು. ಎತ್ತಿದವನೇ ಎರಡು ದಿನದಿಂದ ಕೂಡಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಕಾರಿಕೊಂಡೆ. ಆ ಕಡೆ ಪೂರ್ತಿ ಕೇಳಿಸಿಕೊಂಡು ಒಂದು ಬೇರೆಯೇ ದನಿ ಬಂತು. ತಂಪಾದ, ಅವಸರವಿಲ್ಲದ ದನಿ.

"ನೀವು ತಮ್ಮ ಅಲ್ವಾ? ಕೂಗ್ಬೇಡಿ. ಕೂಗಿದ್ರೆ ಮಾತು ಒಡೆದುಹೋಗುತ್ತೆ. ದನಿ ಇಳಿಸಿ. ಒಂದೊಂದೇ ಮಾತು. ಬಿಡಿಸಿ ಹೇಳಿ. ತಡೀರಿ, ಲೈನ್ ಕೊಡ್ತೀನಿ."

ಫೋನು ಕೈ ಬದಲಾದದ್ದು ಕೇಳಿಸಿತು. ಕೂಗಲು ಬರುವವನಿಗೆ ಮೆಲ್ಲಗೆ ಮಾತನಾಡುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ನನಗೆ ಗೊತ್ತಿರುವುದನ್ನೇ ಹೇಳಿದೆ.

"ಅಕ್ಕಾ. ಬ್ರೇಕ್ ರಬ್ಬರ್. ಸವೆದಿದೆಯಾ?"

ಆ ಕಡೆ ಸದ್ದಿಲ್ಲ. ಹೋಯಿತು, ಕೇಳಲಿಲ್ಲ ಅಂದುಕೊಂಡೆ.

"ಹಿಂದಿನದು ಸವೆದಿದೆ ಕಣೋ," ಅಂದಳು ಅಕ್ಕ. "ಮುಂದಿನದು ಪರವಾಗಿಲ್ಲ."

ನಾನು ಚೀಲ ಇಳಿಸಿ ಹಳೇ ಟೈರುಗಳ ರಾಶಿಯ ಮೇಲೆ ಕೂತೆ. ಮುಂದಿನ ವರ್ಷ ಇದೂ ಕೇಳುತ್ತದೋ ಇಲ್ಲವೋ, ಯಾರಿಗೆ ಗೊತ್ತು? ಅವತ್ತು ಕೇಳಿತು. ಹೆಂಡತಿ ಬಾಗಿಲಲ್ಲಿ ನಿಂತು ಏನಾಯಿತೆಂದು ಕೈಯಲ್ಲೇ ಕೇಳುತ್ತಿದ್ದಳು.

"ಇದೀಯೇನೋ?" ಅಂದಳು ಅಕ್ಕ. "ಲೈನು ಚೆನ್ನಾಗಿದೆ. ಬೈಯೋದಿದ್ರೆ ಈಗ ಬೈಯಿ, ಕೇಳ್ತೀನಿ."

ಬೈಯಲು ನನಗೆ ಒಂದು ಮಾತೂ ನೆನಪಾಗಲಿಲ್ಲ.