ಅಕ್ಕಲಕೋಟೆ ಸ್ಟ್ಯಾಂಡಿನಲ್ಲಿ ಡೋರಿಸ್

ಸೋಲಾಪುರದ ಮೊದಲ ಬೆಳಗು ನನ್ನನ್ನು ಎಬ್ಬಿಸಲಿಲ್ಲ, ಎತ್ತಿ ಹಾಕಿತು. ಭೋಂಗಾ! ಬಟ್ಟೆ ಗಿರಣಿಯ ಸೈರನ್ನಿಗೆ ಇಲ್ಲಿ ಹಾಗೆನ್ನುತ್ತಾರೆ. ಮೈಸೂರಿನಲ್ಲಿ ಚರ್ಚ್ ಬೆಲ್ಲಿಗೆ ಏಳುತ್ತಿದ್ದವಳು ನಾನು. ದಿಂಬಿನ ಪಕ್ಕದ ನಾವೆಲ್ ನೆಲಕ್ಕೆ ಬಿತ್ತು. ಆಮೇಲೆ ತಿಂಗಳುಗಟ್ಟಲೆ ಅದನ್ನು ಎತ್ತಿಕೊಳ್ಳುವುದು, ಅದೇ ಪುಟ ದಿಟ್ಟಿಸುವುದು, ಇಡುವುದು. ಓದೇ ತಲೆಗೆ ಹತ್ತುತ್ತಿರಲಿಲ್ಲ.

ಕಾನ್ವೆಂಟಿನಲ್ಲಿ ಪ್ರೈಜ್ ಬಂದ ಪುಸ್ತಕ ಅದು. ಪ್ರತಿ ವರ್ಷ ಓದುತ್ತಿದ್ದೆ. ಹಡಗುಕಟ್ಟೆಯಲ್ಲಿ ಕ್ಯಾಪ್ಟನ್‌ಗಾಗಿ ಕಾಯುವ ಡೋರಿಸ್; ಎಷ್ಟೋ ಕಾಲದ ಮೇಲೆ ಅವನು ಬಂದು ಬಾಗಿಲು ತಟ್ಟಿದರೆ ತೆರೆಯದ ಡೋರಿಸ್. ವಾಟ್ ಪ್ರೈಡ್! ಆ ಮುಚ್ಚಿದ ಬಾಗಿಲಿಗಾಗಿಯೇ ಓದುತ್ತಿದ್ದೆ.

ಮಗನಿಗೆ ಗಿರಣಿಯ ಆಫೀಸಿನಲ್ಲಿ ಕೆಲಸ. ನಮಗೆ ಸಿಕ್ಕಿದ್ದು ಒಂದು ವಾಡೆಯ ಮೇಲಂತಸ್ತಿನಲ್ಲಿ ಎರಡು ಕೋಣೆ. ವಾಡೆ ಎಂದರೆ ನಡುವೆ ಅಂಗಳ, ಸುತ್ತ ಸಂಸಾರಗಳು. ಮೈಸೂರಿನಲ್ಲಿ ಮಧ್ಯಾಹ್ನವೆಂದರೆ ಪರದೆ ಎಳೆದ ಸೈಲೆನ್ಸ್. ಇಲ್ಲಿ ಹೆಂಗಸರೆಲ್ಲ ಅಂಗಳದಲ್ಲಿ ಕೂತು ಚಟ್ನಿಗೆ ಶೇಂಗಾ ಸುಲಿಯುತ್ತಾರೆ; ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ.

ವಾಡೆಯ ಒಡತಿ ಗಂಗವ್ವ, ಬಟ್ಟೆ ವ್ಯಾಪಾರಿಯ ಹೆಂಡತಿ, ವಳಸಂಗದ ರೈತರ ಮಗಳು. ಒಂದು ದಿನ ಕೇಳಿದಳು: “ಏನ್ರಿ ಮೇಡಂಬಾಯಿ, ಅದಽ ಪುಸ್ತಕ ಹಿಡ್ಕೊಂಡು ಕುಂತಿರ್ತೀರಿ, ಹಾಳಿ ಒಂದೂ ತಿರವಂಗಿಲ್ಲ. ಏನೈತ್ರಿ ಅದರಾಗ?”

ಹೇಳಿದೆ. ಹೇಳಬಾರದಿತ್ತು.

ವಾರದೊಳಗೆ ಗಂಗವ್ವನ ಬಾಯಲ್ಲಿ ಡೋರಿಸ್ ದುರಗಿಯಾಗಿ ಅಂಗಳಕ್ಕೆ ಇಳಿದಿದ್ದಳು. ಹಡಗುಕಟ್ಟೆ ಹೋಗಿ ಅಕ್ಕಲಕೋಟೆ ಬಸ್ ಸ್ಟ್ಯಾಂಡ್ ಬಂದಿತ್ತು. ಕ್ಯಾಪ್ಟನ್ ಅಂದಮೇಲೆ ಮಿಲಿಟರಿಯವನೇ. ಗಂಗವ್ವ ಕಥೆ ಹೇಳುತ್ತಿದ್ದರೆ ಸುಲಿಯುವ ಕೈಗಳು ನಿಂತುಬಿಡುತ್ತಿದ್ದವು. ನನ್ನ ಸೊಸೆಯೂ ಅಲ್ಲೇ! ನಾನು ಓದಿ ಹೇಳುತ್ತೇನೆಂದರೆ ಆಕಳಿಸುವವಳು ಅಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಹರೆಯದಿಂದ ನಾನು ಸಾಕಿಕೊಂಡು ಬಂದ ಡೋರಿಸ್‌ಳನ್ನು, ಎ ಬಿ ಸಿ ಬಾರದವಳು ಹಾರಿಸಿಕೊಂಡು ಹೋಗಿದ್ದಳು.

ಕಥೆಯ ಕಡೆಯ ದಿನ ದುರಗಿ ಬಾಗಿಲು ತೆರೆದಳು. ಮಿಲಿಟರಿಯವನನ್ನು ಕೂರಿಸಿ, ರೇಷನ್ನಿನ ಕೆಂಪು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ಉಂಡ ಮೇಲೆ ಕೈಗೆ ನೀರು ಹಾಕಿ, “ಉಂಡಿ ಅಲ್ಲ? ಇನ್ನ ನಡಿ” ಅಂದಳು.

“ನಾನ್‌ಸೆನ್ಸ್!” ಮೇಲಂತಸ್ತಿನ ಗ್ಯಾಲರಿಯಿಂದ ಕೂಗಿದೆ. “ಅವಳು ಬಾಗಿಲು ತೆರೆಯೋದೇ ಇಲ್ಲ!”

“ಹಸದು ಬಂದಾವನ್ನ ಹೊಸ್ತಲದಾಗ ನಿಂದರಸ್ತಾರೇನ್ರಿ?” ಎಂದಳು ಗಂಗವ್ವ. “ನಿಮ್ಮ ಪುಸ್ತಕದಾಗ ತಪ್ಪು ಛಾಪಿಸ್ಯಾರ ತಗೀರಿ!”

ಅಂಗಳವೆಲ್ಲ ನಕ್ಕಿತು. ಸೊಸೆಯೂ.

ಒಳಗೆ ಹೋಗಿ ಪುಸ್ತಕ ತೆರೆದೆ, ಮೊದಲ ಪುಟದಿಂದ. ಅವಳ ತಪ್ಪು ಹಿಡಿಯಲೆಂದೇ ಒಂದೇ ಸಮನೆ ಓದಿದೆ. ಕಾಫಿ ಆರಿದ್ದೂ ತಿಳಿಯಲಿಲ್ಲ. ಮರುದಿನ ಮಧ್ಯಾಹ್ನ ಕಡೆಯ ಅಧ್ಯಾಯ. ಅವನು ತಟ್ಟಿದ. ಡೋರಿಸ್ ತೆರೆಯಲಿಲ್ಲ. ಗೆದ್ದೆ!

ಆದರೆ ನನ್ನ ಕಣ್ಣು ಬಾಗಿಲಿನಾಚೆ ಹೋಗಿತ್ತು. ಅಷ್ಟು ದೂರದಿಂದ ಬಂದವನು ಊಟ ಮಾಡಿದ್ದನೇ? ಹಿಂದಿನ ಪುಟ, ಮುಂದಿನ ಪುಟ ಹುಡುಕಿದೆ. ಬರೆದಿರಲಿಲ್ಲ.

ಪುಟದಲ್ಲಿ ಬೆರಳಿಟ್ಟುಕೊಂಡೇ ಅಂಗಳಕ್ಕೆ ಇಳಿದೆ. ಗಂಗವ್ವ ಸರಿದು ಜಾಗ ಮಾಡಿ, ನನ್ನ ಮುಂದೆ ಶೇಂಗಾ ಸುರಿದಳು. “ಓದಿದ್ರೇನ್ರಿ? ಖರೇ ಏನಾತು?”

ಸೊಸೆ ಮೊದಲ ಸಲ ನನ್ನ ಮುಖವನ್ನೇ ನೋಡುತ್ತಿದ್ದಳು.

ಶೇಂಗಾ ಸುಲಿಯಲು ಎರಡೂ ಕೈ ಬೇಕು. ನನ್ನ ಬೆರಳು ಇನ್ನೂ ಪುಟದೊಳಗೇ ಇತ್ತು.